ಗ್ಯಾಸ್ ಡಿಟೆಕ್ಟರ್ ಟೆಸ್ಟಿಂಗ್ ದರ ಮತ್ತು ಬೈಪಾಸ್ ಸ್ವಿಚ್ಚಿನ ಬಗ್ಗೆ

ಬೋಟಿನ ಯಜಮಾನರಿಗೂ ಬೋಟು ನಡೆಸುವ ತಂಡೇಲರಿಗೂ ಮಲ್ಪೆಯ ನಿಮ್ಮ ಇಂಜಿನ್ ವರ್ಕ್‌ಶಾಪಿನವರ ನಮಸ್ಕಾರ.

ಇಂಜಿನ್ ರೂಮಿನಲ್ಲಿ ಅಡುಗೆ ಗ್ಯಾಸ್ ಸೇರಿದರೆ ಕೂಗುವ ಗ್ಯಾಸ್ ಡಿಟೆಕ್ಟರ್ ಮತ್ತು ಇಂಜಿನನ್ನು ತಾನೇ ನಿಲ್ಲಿಸುವ ಆಟೋ ಶಟ್‌ಡೌನ್, ಇವುಗಳ ಟೆಸ್ಟಿಂಗನ್ನು ಇಷ್ಟು ವರ್ಷ ಸರ್ವಿಸಿನ ಜೊತೆ ಪುಕ್ಕಟೆ ಮಾಡಿಕೊಟ್ಟೆವು. ಈ ಸಲದಿಂದ ಬೋಟಿಗೆ 1,800 ರೂಪಾಯಿ, ಮೇಲೆ ಜಿಎಸ್‌ಟಿ. “ಇವರಿಗೂ ಆಸೆ ಹತ್ತಿತು” ಎಂದು ಬೋಟು ನಿಲ್ಲುವ ದಕ್ಕೆಯಲ್ಲಿ ಮಾತಾಡಿಕೊಂಡದ್ದು ನಮ್ಮ ಕಿವಿಗೂ ಬಿದ್ದಿದೆ. ಬೇಸರವಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಟೆಸ್ಟಿಗೆ ಬೇಕಾದ್ದು ಅಡುಗೆಯ ಸಿಲಿಂಡರ್ ಅಲ್ಲ ಸ್ವಾಮಿ. ಅಳತೆ ಮಾಡಿ ಗಾಳಿಯಲ್ಲಿ ಬೆರೆಸಿದ, ಬೆಂಕಿ ಹಿಡಿಯದಷ್ಟು ತೆಳುವಾದ ಗ್ಯಾಸಿನ ಸಣ್ಣ ಸಿಲಿಂಡರ್. ಸರ್ಟಿಫಿಕೇಟಿನ ಜೊತೆ ಬರುತ್ತದೆ, ಔಷಧಿಯ ಹಾಗೆ ಎಕ್ಸ್‌ಪೈರಿ ಡೇಟ್ ಉಂಟು. ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನದಲ್ಲಿ ಖರ್ಚಾಗದೆ ಉಳಿದದ್ದರ ನಷ್ಟ ನಮ್ಮ ತಲೆಗೆ. ಮೇಲಿಂದ ಒಂದು ಬೋಟಿಗೆ ಒಬ್ಬ ಹುಡುಗನ ಅರ್ಧ ದಿನ, ಅದೂ ಈ ಮಳೆಯಲ್ಲಿ. “ಒಂದು ಲೈಟರ್ ಹಿಡಿದರೆ ಸಾಕಲ್ವಾ?” ಎನ್ನುವವರಿದ್ದಾರೆ. ಲೈಟರಿನ ಗ್ಯಾಸ್ ಬಿಟ್ಟರೆ ಕೂಗುತ್ತದೆ, ನಿಜ. ಎಷ್ಟು ಗ್ಯಾಸಿಗೆ ಕೂಗಿತು ಎಂದು ದೇವರಿಗೇ ಗೊತ್ತು, ಸೆನ್ಸರ್ ಹಾಳಾಗುವುದೂ ಉಂಟು. ಸಿಲಿಕೋನ್ ಸ್ಪ್ರೇ ಅದಕ್ಕಿಂತ ಕೆಟ್ಟದು, ಸೆನ್ಸರನ್ನೇ ಕೊಲ್ಲುತ್ತದೆ: ಸೆನ್ಸರ್ ಸತ್ತಿದ್ದರೂ ಹಸಿರು ಲೈಟ್ ಉರಿಯುತ್ತಲೇ ಇರುತ್ತದೆ.

ಇನ್ನು ಎಲ್ಲರ ಬಾಯಲ್ಲೂ ಇರುವ ದೂರು: “ಬಲೆ ನೀರಲ್ಲಿರುವಾಗ ನಿಮ್ಮ ಮಿಷನ್ ಸುಮ್ಮನೆ ಇಂಜಿನ್ ಬಂದ್ ಮಾಡುತ್ತದೆ, ಅದನ್ನು ತಪ್ಪಿಸುವ ಬೈಪಾಸ್ ಸ್ವಿಚ್ ಹಾಕಿಕೊಡಿ.”

ಎರಡು ಬೋಟುಗಳಲ್ಲಿ ತಪ್ಪು ನಮ್ಮದೇ. ಸೆನ್ಸರನ್ನು ಬ್ಯಾಟರಿ ಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿದ್ದೆವು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಸೆನ್ಸರಿಗೆ ಅದೂ ಗ್ಯಾಸೇ. ಆ ಯಜಮಾನರ ಮನೆಗೇ ಹೋಗಿ ಕ್ಷಮೆ ಕೇಳಿದ್ದೇವೆ, ಜಾಗ ಬದಲಿಸಿದ್ದಕ್ಕೆ ದುಡ್ಡು ತೆಗೆದುಕೊಂಡಿಲ್ಲ. ಆದರೆ ಮೂರನೆಯ ಬೋಟಿನ ಕಥೆ ಬೇರೆ. ಒಲೆಯ ರಬ್ಬರ್ ಟ್ಯೂಬಿಗೆ ಸೋಪು ನೀರು ಸವರಿದೆವು. ಕ್ಲಿಪ್ಪಿನ ಬುಡದಲ್ಲಿ ಒಂದೊಂದೇ ಗುಳ್ಳೆ ಎದ್ದಿತು. ತಂಡೇಲರು ಬಗ್ಗಿ ನೋಡಿ, “ಇದು ನಾನೇ ಚೌತಿಯ ಸಮಯ ಹಾಕಿದ್ದು ಮಾರಾಯ್ರೆ” ಎಂದರು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಕ್ಯಾಬಿನ್‌ನಲ್ಲಿ ಸೋರಿದ್ದು ಕೆಳಗಿಳಿದು ಇಂಜಿನ್ ರೂಮಿನ ತಳದಲ್ಲಿ ಕೂರುತ್ತದೆ. ಮೀನು, ಡೀಸೆಲ್ ವಾಸನೆಯ ನಡುವೆ ಮೂಗಿಗೆ ಎಲ್ಲಿ ಗೊತ್ತಾಗಬೇಕು?

ನಿಮ್ಮ ಮಾತಿನಲ್ಲೂ ನ್ಯಾಯ ಉಂಟು. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಗ್ಯಾಸ್ ಸೇರಿದರೆ ಹೊತ್ತಿಕೊಳ್ಳುತ್ತದೆ. ಅದರ ಹತ್ತರಲ್ಲೊಂದು ಪಾಲಿಗೇ ಹೂಟರ್, ಶಟ್‌ಡೌನ್ ಎರಡೂ ಒಟ್ಟಿಗೆ ಆಗುವಂತೆ ಇಟ್ಟಿದ್ದೆವು. ಈಗ ಎರಡು ಹಂತ ಮಾಡುತ್ತಿದ್ದೇವೆ. ಹತ್ತರಲ್ಲೊಂದಕ್ಕೆ ಹೂಟರ್ ಕೂಗಿ ಒಲೆಯ ಗ್ಯಾಸ್ ವಾಲ್ವ್ ತಾನೇ ಮುಚ್ಚುತ್ತದೆ, ಇಂಜಿನ್ ಓಡುತ್ತಿರುತ್ತದೆ. ಬಲೆ ಎತ್ತಿಕೊಳ್ಳಿ. ಐದರಲ್ಲೊಂದು ಪಾಲಿಗೆ ಏರಿದರೆ ಮಾತ್ರ ಇಂಜಿನ್ ಬಂದ್.

ಇಂಜಿನ್ ಬಂದ್ ಆಗುವ ಆ ಹಂತಕ್ಕೆ ಬೈಪಾಸ್ ಕೊಡುವುದಿಲ್ಲ. ಬೇರೆ ಕಡೆ ಹಾಕಿಸಿಕೊಂಡರೆ ನಮ್ಮ ಸೀಲ್ ತೆಗೆದುಬಿಡುತ್ತೇವೆ. ಡೀಸೆಲ್ ನಿಲ್ಲಿಸಿದರೆ ಇಂಜಿನ್ ನಿಲ್ಲುತ್ತದೆಂದು ನಂಬಬೇಡಿ. ಗಾಳಿಯ ಜೊತೆ ಗ್ಯಾಸನ್ನು ಎಳೆದುಕೊಂಡ ಇಂಜಿನ್ ಡೀಸೆಲ್ ಇಲ್ಲದೆಯೂ ಓಡುತ್ತದೆ, ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಅದಕ್ಕೇ ಇಂಜಿನ್ ಗಾಳಿ ಎಳೆಯುವ ಏರ್ ಇನ್‌ಟೇಕಿಗೂ ಅದನ್ನು ಮುಚ್ಚುವ ಒಂದು ಫ್ಲ್ಯಾಪ್ ಹಾಕಿದ್ದೇವೆ. ಆ ಫ್ಲ್ಯಾಪ್ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಎಂತ ಪ್ರಯೋಜನ? ಹಾಗಾಗಿ ಬೋರ್ಡಿನ ಲೈಟ್ ನೋಡಿ ಸಹಿ ಹಾಕುವವರು ನಾವಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ಸೆನ್ಸರಿನ ಮೇಲೆ ಟೋಪಿಯಂಥ ಮುಚ್ಚಳ ಕೂರಿಸಿ, ಅದರೊಳಗೆ ಟೆಸ್ಟ್ ಗ್ಯಾಸ್ ಬಿಡುತ್ತೇವೆ. ಮೊದಲು ಹೂಟರ್, ಆಮೇಲೆ ‘ಟಕ್’ ಎಂದು ಫ್ಲ್ಯಾಪ್ ಬೀಳುವ ಸದ್ದು, ಇಂಜಿನ್ ಮೌನ. ಇದನ್ನು ನೀವೂ ಪಕ್ಕದಲ್ಲಿ ನಿಂತು ಕೇಳಬೇಕು. ನಿಮ್ಮ ಎದುರೇ ಆಗದ ಟೆಸ್ಟಿಗೆ ದುಡ್ಡು ಕೊಡಬೇಡಿ.

ನಿಷೇಧ ಮುಗಿದು ಆಗಸ್ಟ್ 1ಕ್ಕೆ ಸಮುದ್ರಕ್ಕೆ ಇಳಿಯುವವರು ಬೇಗ ಹೇಳಿಕಳಿಸಿ, ಕೊನೆಯ ವಾರಕ್ಕೆ ಎಲ್ಲರೂ ಒಟ್ಟಿಗೆ ಬರಬೇಡಿ. ಪೈಂಟ್ ಹಸಿ ಇರುವಾಗ ಕರೆಯಬೇಡಿ, ಥಿನ್ನರಿನ ಆವಿಗೂ ಸೆನ್ಸರ್ ಕೂಗುತ್ತದೆ, ಮತ್ತೆ ಬೈಗುಳ ನಮಗೆ. ಒಲೆ, ಸಿಲಿಂಡರ್, ಟ್ಯೂಬ್ ಸಮುದ್ರದಲ್ಲಿ ಹೇಗಿರುತ್ತದೋ ಹಾಗೆಯೇ ಜಾಗದಲ್ಲಿಟ್ಟಿರಿ. ಹುಡುಗ ಸೋಪು ನೀರು ತರುತ್ತಾನೆ, ಅದಕ್ಕೆ ಚಾರ್ಜ್ ಇಲ್ಲ.