ನಟನೆಗೆ ತಾಲೀಮೂ ಬೇಕು

ಮಾನ್ಯರೇ,

ನಟರಿಗೆ ಸದಾ ತರಬೇತಿ ಬೇಕೇ, ಬದುಕಿನ ಅನುಭವ ಸಾಕೇ ಎಂಬ ಮಾತು ರಂಗಾಸಕ್ತರ ನಡುವೆ ಆಗಾಗ ಬರುತ್ತದೆ. ನಮ್ಮ ಹೆಸರಾಂತ ರಂಗನಟ ಬಳ್ಳಾರಿ ರಾಘವ (1880–1946) ವೃತ್ತಿಯಲ್ಲಿ ವಕೀಲರು. ಕೋರ್ಟಿನಲ್ಲಿ ಕಂಡ ಅಳು, ಸುಳ್ಳು, ಸಿಟ್ಟು ಅವರಿಗೆ ಎಷ್ಟು ಕಲಿಸಿರಬೇಕು, ಅಲ್ವಾ? ರಂಗನಟಿ ಸುಭದ್ರಮ್ಮ ಮನ್ಸೂರು ಕಂಪನಿ ನಾಟಕಗಳಲ್ಲೇ ಪಳಗಿದವರು. ಹಾಗಂತ ಅವರು ತರಬೇತಿ ಇಲ್ಲದೆ ಬೆಳೆದರು ಎನ್ನುವುದು ತಪ್ಪು. ಹಾರ್ಮೋನಿಯಂ ಮಾಸ್ತರರ ಮುಂದೆ ಹಾಡು ತಿದ್ದಿಕೊಳ್ಳುವುದು, ಕೊನೆಯ ಸಾಲಿಗೂ ಮಾತು ಮುಟ್ಟಿಸುವುದು, ಕಂಪನಿಗಳಲ್ಲಿ ಇದೆಲ್ಲ ದಿನದ ತಾಲೀಮೇ. ಸರ್ಟಿಫಿಕೇಟ್ ಇರಲಿಲ್ಲ, ಅಷ್ಟೆ.

ನಮ್ಮೂರ ಬಯಲಾಟದಲ್ಲಿ ನಾನು ದುರ್ಯೋಧನನ ಪಾತ್ರ ಮಾಡಿದ್ದೆ. ಒಳಗೆ ಸಿಟ್ಟು, ಸಂಕಟ ಎಲ್ಲ ಇತ್ತು. ಆದರೆ ನಡುರಾತ್ರಿಗೆ ಗಂಟಲು ಕಟ್ಟಿತು. ಉಸಿರು ಹಿಡಿದು ಮಾತಾಡುವುದನ್ನು ನಾನು ಕಲಿತೇ ಇರಲಿಲ್ಲ. ಆ ರಾತ್ರಿ ಇನ್ನೂ ಮರೆತಿಲ್ಲ.

ಕಲಿಯಲು ಎಲ್ಲರೂ ಹೆಗ್ಗೋಡಿನ ರಂಗಶಾಲೆ ನೀನಾಸಂಗೆ ಹೋಗಲಾರರು. ಕೂಲಿ, ಹೊಲದ ಕೆಲಸ ಬಿಟ್ಟು ತಿಂಗಳುಗಟ್ಟಲೆ ಇರುವುದು ಸುಮ್ನೆ ಮಾತಲ್ಲ. ರಾಘವರ ಹೆಸರಿನ ಕಲಾಮಂದಿರದಲ್ಲೇ ಭಾನುವಾರ ಎರಡು ತಾಸು ಧ್ವನಿ, ಉಸಿರಾಟದ ತರಬೇತಿ ನಡೆಸಲಿ. ಹಳ್ಳಿಯ ಕಲಾವಿದರು ಬಸ್ಸು ಹಿಡಿದು ಬರುತ್ತಾರೆ.

— ಬಯಲಾಟದ ಕಲಾವಿದ, ಬಳ್ಳಾರಿ