ಗಾಜಿಗೊಂದು ಲೈಟರ್ ಹಿಡಿದು ನೋಡಿಸಿ: ಬೆಂಗಳೂರು ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಹದಿನೆಂಟು ವರ್ಷದಿಂದ ಈ ಊರಿನ ಕಟ್ಟಡಗಳಿಗೆ ಗಾಜು ಕೂರಿಸುವುದೇ ನನ್ನ ಕಸುಬು. ಮಾರತ್ತಹಳ್ಳಿ, ಬೆಳ್ಳಂದೂರು ಕಡೆ ರಿಂಗ್ ರೋಡಿನಲ್ಲಿ ಕಣ್ಣು ಕುಕ್ಕುವ ಗೋಡೆಗಳಲ್ಲಿ ಕೆಲವು ನಮ್ಮ ತಂಡ ನಿಲ್ಲಿಸಿದವು. ಗಾಜೇ ಬೇಡ ಎನ್ನಲು ನಾನು ಬರೆಯುತ್ತಿಲ್ಲ. ಕಾಗದದಲ್ಲಿ ತೋರಿಸಿದ ಗಾಜೇ ಗೋಡೆಗೆ ಬಂತೇ ಎಂದು ಸರ್ಕಾರದ ಕಡೆಯವರು ಬಂದು ನೋಡಬೇಕು.

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬಂದದ್ದು 2007ರಲ್ಲಿ, ತಿದ್ದುಪಡಿಯಾದದ್ದು 2017ರಲ್ಲಿ. 2017ರ ಸಂಹಿತೆಯ ಪ್ರಕಾರ ಹೊರಗೋಡೆಯಲ್ಲಿ ಗಾಜು ಶೇ. 40 ದಾಟಬಾರದು, ದಾಟಿದರೆ ಇಡೀ ಕಟ್ಟಡದ ವಿದ್ಯುತ್ ಲೆಕ್ಕ ಒಪ್ಪಿಸಬೇಕು. ಬೆಂಗಳೂರಿನಲ್ಲಿ ಗಾಜು ಬಿಸಿಲಿನ ಶಾಖದಲ್ಲಿ ನೂರಕ್ಕೆ 27 ಪಾಲು ಮಾತ್ರ ಒಳಗೆ ಬಿಡಬೇಕು. ಸಾದಾ ಒಂಟಿ ಗಾಜು 80ರಷ್ಟು ಬಿಡುತ್ತದೆ. ಅದನ್ನೆಲ್ಲ ಎಸಿ ಹೊರಗೆ ಹಾಕಬೇಕು, ಕರೆಂಟು ನಮ್ಮೆಲ್ಲರದು.

27ಕ್ಕೆ ಇಳಿಸುವುದು ಜೋಡಿ ಗಾಜಿನೊಳಗಿನ ಲೋ-ಇ ಲೇಪನ, ಕಣ್ಣಿಗೆ ಕಾಣದಷ್ಟು ತೆಳು ಬೆಳ್ಳಿಯ ಪದರ. ನಮ್ಮ ಬಿಸಿಲಿಗೆ ಅದು ಹೊರಗಿನ ಗಾಜಿನ ಒಳಮೈಯಲ್ಲಿರಬೇಕು. ಒಮ್ಮೆ ಒಂದು ಕಚೇರಿಯ ಪಶ್ಚಿಮದ ಗೋಡೆಯಲ್ಲಿ ಒಂದು ಸಾಲು ಪೂರಾ ತಿರುಗುಮುರುಗಾಗಿ ಕೂತಿತ್ತು. ಗೊತ್ತಾದ ಕೂಡಲೇ ಹೇಳಿದೆ. ಗಾಜು ಅಂಟಿಸಿದ ಸಿಲಿಕೋನ್ ಒಣಗಿದೆ, ಬಿಡಪ್ಪಾ ಅಂದರು ಸೈಟಿನವರು. ಆಮೇಲೆ ರಿಪೇರಿಗೆ ಹೋದಾಗ ಮಧ್ಯಾಹ್ನ ಮೂರಕ್ಕೇ ಅಲ್ಲಿನ ಹುಡುಗರು ಬ್ಲೈಂಡ್ಸ್ ಇಳಿಸಿ, ಲೈಟು ಹಾಕಿಕೊಂಡು ಕೂತಿದ್ದರು. ಬೆಳಕಿಗಾಗಿ ಹಾಕಿಸಿದ ಗಾಜು! ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಸಂಜೆಗತ್ತಲಲ್ಲಿ ಕೋಣೆಯೊಳಗೆ ನಿಂತು ಗಾಜಿನ ಹತ್ತಿರ ಲೈಟರ್ ಹಚ್ಚಿದರೆ ನಾಲ್ಕು ಜ್ವಾಲೆಗಳು ಕಾಣುತ್ತವೆ, ಜೋಡಿ ಗಾಜಿನ ನಾಲ್ಕು ಮೈಗೆ ಒಂದೊಂದು. ಲೇಪನವಿರುವ ಮೈಯ ಜ್ವಾಲೆಯ ಬಣ್ಣ ಬೇರೆ. ನಮ್ಮ ಕಡೆಯಿಂದ ಎಣಿಸಿದಾಗ ಮೂರನೆಯದು ಬಣ್ಣ ಬದಲಿಸಿದ್ದರೆ ಸರಿಯಾಗಿ ಕೂತಿದೆ. ಎರಡನೆಯದಾದರೆ ತಿರುಗಿದೆ. ನಾಲ್ಕೂ ಒಂದೇ ಬಣ್ಣವಾದರೆ ಲೇಪನವೇ ಇಲ್ಲ.

ಕಟ್ಟಡ ಬಳಸಬಹುದು ಎಂಬ ಒಸಿ ಪತ್ರ ಕೊಡುವ ಮುನ್ನ ದಿಕ್ಕಿಗೆ ನಾಲ್ಕು ಕಡೆಯಾದರೂ ಹೀಗೆ ನೋಡುವುದನ್ನು ಕಡ್ಡಾಯ ಮಾಡಿ. ಗಾಜಿನ ಬಿಲ್ಲು, ಫೋಟೊ, ನೋಡಿದ ಇಂಜಿನಿಯರ್ ಸಹಿ ಕಡತದಲ್ಲಿರಲಿ. ಪಶ್ಚಿಮಕ್ಕೆ ಸಜ್ಜಾ ಇಟ್ಟವರಿಗೆ ಒಂದಿಷ್ಟು ರಿಯಾಯಿತಿ ಕೊಟ್ಟರೂ ಒಳ್ಳೆಯದೇ. ಬಸವನಗುಡಿಯ ಹಳೇ ಮನೆಗಳಿಗೆ ಆ ಬುದ್ಧಿಯಿತ್ತು.

ನಿಮ್ಮ ಇಂಜಿನಿಯರುಗಳಿಗೆ ಇದನ್ನು ಕಲಿಸಲು ಅರ್ಧ ದಿನ ಸಾಕು. ಕರೆದರೆ ನಾನೇ ಬಂದು ತೋರಿಸುತ್ತೇನೆ.

ಇಂತಿ,
ಒಬ್ಬ ಗಾಜಿನ ಮೇಸ್ತ್ರಿ, ಮಾರತ್ತಹಳ್ಳಿ