ತಡೆಯನ್ನು ಮೊದಲು ಓದು

ಚಿರಂಜೀವಿಗೆ ಆಶೀರ್ವಾದಗಳು.

ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂದು ಹಂತಗಳ ಹೆಸರನ್ನು ಬಾಯಿಪಾಠ ಮಾಡಿ, ಚಿತ್ರಗಳನ್ನು ಮತ್ತೆ ಮತ್ತೆ ಬಿಡಿಸಿಯೂ ಕೋಶವಿಭಜನೆ ತಲೆಗೆ ಹತ್ತುತ್ತಿಲ್ಲ ಎಂದು ಬರೆದಿದ್ದೀಯ. ಅದು ನಿನ್ನ ದಡ್ಡತನವಲ್ಲ. ಪಾಠವನ್ನು ಶುರುಮಾಡುವ ಜಾಗವೇ ಸರಿಯಿಲ್ಲ ಎಂಬುದು ನನ್ನ ಹಳೆಯ ತಕರಾರು. ಕೋಶ ಏಕೆ ಒಡೆಯುತ್ತದೆ ಎಂದು ಕೇಳುವುದನ್ನು ಸ್ವಲ್ಪ ಬದಿಗಿಡು. ಈ ಗಳಿಗೆಯಲ್ಲಿ ಅದನ್ನು ತಡೆದು ನಿಲ್ಲಿಸಿರುವುದು ಯಾವುದು, ಆ ತಡೆ ಯಾವಾಗ ಸರಿಯುತ್ತದೆ ಎಂದು ಕೇಳುತ್ತ ಓದು.

ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಿನ್ನ ಕಣ್ಣು ವರ್ಣತಂತುಗಳು ಎದ್ದು ಕಾಣುವ ಕೆಲವೇ ಕೋಶಗಳ ಕಡೆಗೆ ಹೋಗುತ್ತದೆ. ಸುತ್ತಲಿನ ಹೆಚ್ಚಿನ ಕೋಶಗಳು ದುಂಡನೆಯ ಕೋಶಕೇಂದ್ರ ಇಟ್ಟುಕೊಂಡು ಸುಮ್ಮನೆ ಕೂತಂತೆ ಕಾಣುತ್ತವೆ. 1882ರಲ್ಲಿ ವಾಲ್ಥರ್ ಫ್ಲೆಮಿಂಗ್ ವಿಭಜನೆಯನ್ನು ವಿವರವಾಗಿ ಚಿತ್ರಿಸಿದ ನಂತರ ಬಹುಕಾಲ ಆ ಸುಮ್ಮನಿರುವಿಕೆಯನ್ನು ವಿಶ್ರಾಂತಿ ಎಂದೇ ತಿಳಿಯಲಾಗಿತ್ತು. 1950ರ ದಶಕದ ಆರಂಭದಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಅವರು ಬೀನ್ಸ್ ಜಾತಿಯ ಗಿಡದ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಡಿಎನ್‌ಎ ಇಮ್ಮಡಿಯಾಗುವುದು ಆ ಮೌನದ ಅವಧಿಯೊಳಗಿನ ಒಂದು ನಿಗದಿತ ಕಾಲದಲ್ಲಿ ಎಂದು ತೋರಿಸಿದರು. ಅದಕ್ಕೆ ಮುಂಚಿನ ಬಿಡುವು ಜಿ1, ಇಮ್ಮಡಿಯಾಗುವ ಕಾಲ ಎಸ್, ನಂತರದ ಬಿಡುವು ಜಿ2. ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕಾದರೆ, ನೀನು ಬಿಡಿಸುವ ಆ ನಾಲ್ಕು ಚಿತ್ರಗಳಿಗೆ ಸಲ್ಲುವುದು ಹೆಚ್ಚುಕಡಿಮೆ ಒಂದೇ ಗಂಟೆ.

ಮೊದಲ ತಡೆ ಇರುವುದು ಜಿ1ರಲ್ಲಿ. ಹೊರಗಿನಿಂದ ಬೆಳವಣಿಗೆಯ ಸಂಕೇತ ಬರುವವರೆಗೆ ಆರ್‌ಬಿ ಎಂಬ ಪ್ರೋಟೀನು, ಡಿಎನ್‌ಎ ನಕಲಿಗೆ ಬೇಕಾದ ಜೀನ್‌ಗಳನ್ನು ಎಬ್ಬಿಸಬಲ್ಲ ಇ2ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತದೆ. ಸಂಕೇತ ಸಾಕಷ್ಟು ಹೊತ್ತು ಉಳಿದರೆ ಸೈಕ್ಲಿನ್ ಎಂಬ ಪ್ರೋಟೀನು ಮತ್ತು ಕೈನೇಸ್ ಎಂಬ ಕಿಣ್ವದ ಜೋಡಿಗಳು ಆರ್‌ಬಿಗೆ ಫಾಸ್ಫೇಟುಗಳನ್ನು ಅಂಟಿಸುತ್ತವೆ, ಅದರ ಹಿಡಿತ ಸಡಿಲುತ್ತದೆ. 1974ರಲ್ಲಿ ಆರ್ಥರ್ ಪಾರ್ಡಿ ಗುರುತಿಸಿದ ನಿರ್ಬಂಧ ಬಿಂದು ಇದೇ ಘಟ್ಟದ್ದು; ಅದನ್ನು ದಾಟಿದ ಮೇಲೆ ಹೊರಗಿನ ಸಂಕೇತವನ್ನು ತೆಗೆದರೂ ಕೋಶ ಆ ಸುತ್ತನ್ನು ಮುಗಿಸಲು ಮುಂದೆ ಸಾಗುತ್ತದೆ.

ಸೈಕ್ಲಿನ್ ಎಂದೆನಲ್ಲ, ಅದು ಸಿಕ್ಕ ಬಗೆಯನ್ನು ಗಮನವಿಟ್ಟು ಓದು. 1982ರಲ್ಲಿ ಟಿಮ್ ಹಂಟ್ ಅವರು ಫಲಿತಗೊಂಡ ಸಮುದ್ರ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಿಗೆ ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟು, ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಮಾದರಿ ತೆಗೆದು, ಪ್ರೋಟೀನುಗಳನ್ನು ಪಟ್ಟಿಪಟ್ಟಿಯಾಗಿ ಬೇರ್ಪಡಿಸುವ ಜೆಲ್‌ನಲ್ಲಿ ಹರಿಯಬಿಟ್ಟರು. ಉಳಿದ ಪ್ರೋಟೀನುಗಳ ಪಟ್ಟಿಗಳು ಹೊತ್ತು ಕಳೆದಂತೆ ಗಾಢವಾಗುತ್ತ ಹೋದರೆ, ಒಂದು ಪಟ್ಟಿ ಮಾತ್ರ ಗಾಢವಾಗಿ, ಮೊಟ್ಟೆ ಎರಡಾಗಿ ವಿಭಜಿಸುವ ಸ್ವಲ್ಪ ಮೊದಲು ಮಾಯವಾಗಿ, ಮತ್ತೆ ಮೂಡುತ್ತಿತ್ತು. ಕೈನೇಸನ್ನು ಕೆಲಸಕ್ಕೆ ಹಚ್ಚುವ ಪ್ರೋಟೀನು ಪ್ರತಿ ಸುತ್ತಿನಲ್ಲೂ ನಾಶವಾಗುತ್ತದೆ, ಆ ನಾಶವಿಲ್ಲದೆ ಕೋಶ ವಿಭಜನೆಯಿಂದ ಹೊರಬರಲಾರದು. ಯೀಸ್ಟಿನಲ್ಲಿ ಈ ಜೀನ್‌ಗಳನ್ನು ಹುಡುಕಿದ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಅವರೊಂದಿಗೆ ಹಂಟ್ ಅವರಿಗೂ 2001ರ ನೊಬೆಲ್ ಪ್ರಶಸ್ತಿ ಸಂದಿತು. ಕೈನೇಸ್ ಜೀನು ಕೆಟ್ಟ ಯೀಸ್ಟ್ ಕೋಶಕ್ಕೆ ಮನುಷ್ಯನ ಅದೇ ಜೀನನ್ನು ಕೊಟ್ಟರೆ ಅದು ಮತ್ತೆ ವಿಭಜಿಸಬಲ್ಲದು ಎಂದು ನರ್ಸ್ ಅವರ ಪ್ರಯೋಗಾಲಯ 1987ರಲ್ಲಿ ತೋರಿಸಿತು. ನನಗೆ ಇಂದಿಗೂ ಸೋಜಿಗವೆನಿಸುವ ಸಂಗತಿ ಅದು.

ಆದರೆ ಇಡೀ ವಿಷಯದಲ್ಲಿ ನಿನ್ನನ್ನು ಹೆಚ್ಚು ಹೊತ್ತು ನಿಲ್ಲಿಸಬೇಕಾದದ್ದು ಮೆಟಾಫೇಸಿನ, ಅಂದರೆ ವರ್ಣತಂತುಗಳು ಕೋಶದ ನಡುವೆ ಸಾಲುಗೂಡುವ ಹಂತದ, ತಡೆ. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳು, ಪ್ರತಿಯೊಂದರಲ್ಲೂ ಕೂಡಿಕೊಂಡಿರುವ ಎರಡು ಪ್ರತಿಗಳು. ಒಂದೊಂದು ಪ್ರತಿಯಲ್ಲೂ ಕೈನೆಟೊಕೋರ್ ಎಂಬ ಹಿಡಿಕೆಯಂಥ ಜಾಗವಿದೆ; ಅದನ್ನು ಕೋಶದ ಅದರದರ ಧ್ರುವದಿಂದ ಬರುವ ಎಳೆಗಳು ಹಿಡಿಯಬೇಕು. 45 ಸರಿಯಾಗಿ ಸಾಲುಗೂಡಿ ಒಂದು ಮಾತ್ರ ಹೊರಗುಳಿದರೂ ಕೋಶ ಕಾಯುತ್ತದೆ. ಸೇರಿದವುಗಳನ್ನು ಎಣಿಸಿ ಅದು ಒಪ್ಪಿಗೆ ಕೊಡುತ್ತದೆಯೇ, ಅಥವಾ ಸೇರದೆ ಉಳಿದದ್ದು ತಾನೇ ತಕರಾರು ಎತ್ತುತ್ತದೆಯೇ? 1995ರಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು ಹೊರಗುಳಿದ ಕೊನೆಯ ಕೈನೆಟೊಕೋರನ್ನು ಲೇಸರ್ ಕಿರಣದಿಂದ ಸುಟ್ಟರು. ಎಳೆ ಅದನ್ನು ಹಿಡಿದಿರಲಿಲ್ಲ, ಹಿಡಿಯುವ ಜಾಗವೇ ಇಲ್ಲವಾಗಿತ್ತು. ಆದರೂ ಕೋಶ, ಪ್ರತಿಗಳು ಬೇರ್ಪಡುವ ಹಂತವಾದ ಅನಾಫೇಸಿಗೆ ಹೊರಟುಬಿಟ್ಟಿತು. ಅಂದರೆ ಅದು ಕಾಯುತ್ತಿದ್ದದ್ದು ಒಪ್ಪಿಗೆಗಲ್ಲ, ತಕರಾರು ನಿಲ್ಲುವುದಕ್ಕೆ. ತಕರಾರು ನಿಂತೊಡನೆ ಎಪಿಸಿ ಎಂಬ ಕಿಣ್ವಸಮೂಹಕ್ಕೆ ಬಿಡುಗಡೆಯಾಗಿ, ಅದು ಸೆಕ್ಯೂರಿನ್ ಮತ್ತು ಸೈಕ್ಲಿನ್ ಎರಡನ್ನೂ ನಾಶಕ್ಕೆ ಗುರುತಿಸುತ್ತದೆ. ಸೆಕ್ಯೂರಿನ್ ಹೋದಾಗ ಸೆಪರೇಸ್ ಎಂಬ ಕತ್ತರಿ ಪ್ರತಿಗಳ ನಡುವಿನ ಬೆಸುಗೆಯನ್ನು ತುಂಡರಿಸುತ್ತದೆ. ನೀನು ಬಿಡಿಸುವ ಅನಾಫೇಸಿನ ಚಿತ್ರ ಹುಟ್ಟುವುದು ಇಲ್ಲಿ.

ಪಿ53 ಪ್ರೋಟೀನಿನ ನಡೆಯೂ ಇದೇ ಜಾಡಿನದು. ಕೋಶ ಅದನ್ನು ಸದಾ ತಯಾರಿಸುತ್ತದೆ, ಸದಾ ನಾಶಮಾಡುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ನಾಶ ನಿಲ್ಲುತ್ತದೆ, ಪಿ53 ಒಟ್ಟುಗೂಡುತ್ತದೆ, ಅದು ಪಿ21 ಎಂಬ ಪ್ರೋಟೀನನ್ನು ಮಾಡಿಸಿ ಕೈನೇಸುಗಳ ಕೈ ಕಟ್ಟುತ್ತದೆ. ಪೆಟ್ಟು ರಿಪೇರಿಯಾಗದಷ್ಟು ದೊಡ್ಡದಾದರೆ ಕೋಶವನ್ನು ಸಾವಿನತ್ತ ನಡೆಸಲೂಬಲ್ಲದು.

ಕ್ಯಾನ್ಸರಿನ ಅಧ್ಯಾಯಕ್ಕೆ ಆರ್‌ಬಿ ಮತ್ತು ಪಿ53 ಒಡ್ಡುವ ಎರಡು ತಡೆಗಳನ್ನು ಅರಿತ ಮೇಲೆಯೇ ಹೋಗು. ಅಲ್ಲಿ ಮೊದಲು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮ ವೈರಸ್ಸನ್ನು ಓದು. ಅದರ ಇ7 ಪ್ರೋಟೀನು ಆರ್‌ಬಿಯ ಹಿಡಿತ ತಪ್ಪಿಸುತ್ತದೆ, ಇ6 ಪ್ರೋಟೀನು ಪಿ53ನ್ನು ನಾಶಕ್ಕೆ ತಳ್ಳುತ್ತದೆ. ಅದಕ್ಕೆ ಎರಡೂ ಏಕೆ ಬೇಕು, ಇ7 ಒಂದೇ ಏಕೆ ಸಾಲದು ಎಂದು ಯೋಚಿಸಿ, ಪುಸ್ತಕ ಮುಚ್ಚಿಟ್ಟು ಒಂದು ಪುಟ ಬರೆದು ನನಗೆ ಕಳುಹಿಸು.

ಇಂತು,
ನಿನ್ನ ದೊಡ್ಡಪ್ಪ